ಪ್ರಯಾಣವೂ ಸರಕಾರಿ ಸೇವೆಯೇ?

ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಸುಮಾರು 48 ಕಿಲೋಮೀಟರ್. ಮನೆಯ ಹೊಸ್ತಿಲಿನಿಂದ ಕಚೇರಿಯ ಮೇಜಿನವರೆಗೆ ಒಂದೂಮುಕ್ಕಾಲು ಗಂಟೆ ಎಂದು ಹಿಡಿದರೆ ಹೋಗಿಬರಲು ದಿನಕ್ಕೆ ಮೂರೂವರೆ ಗಂಟೆ. 22 ಕೆಲಸದ ದಿನಗಳ ತಿಂಗಳಿಗೆ 77 ಗಂಟೆ. ಎಂದರೆ ಎಂಟೂವರೆ ಗಂಟೆಯ ಒಂಬತ್ತು ಕಚೇರಿ ದಿನಗಳು! ಸಾರಿಗೆ ಭತ್ಯೆ ಟಿಕೆಟ್ಟಿಗೆ ಉಂಟು, ಆಯುಸ್ಸಿಗಿಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಕಿಕ್ಕಿರಿದ ಗಾಡಿಗಳಿಂದ ಬಿದ್ದು ಪ್ರಯಾಣಿಕರು ಸತ್ತುದನ್ನು ನಾವು ಮರೆತಿಲ್ಲವಷ್ಟೆ.

"ಮನೆಯಿಂದಲೇ ಕೆಲಸ ಮಾಡಲಿ" ಎನ್ನುವವರಿದ್ದಾರೆ. 2020ರಲ್ಲಿ ಅದನ್ನೂ ಕಂಡೆವು. ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲೇ ಮಗನ ಪಾಠ, ಮುದುಕರ ಕೆಮ್ಮು, ಕುಕ್ಕರಿನ ಸೀಟಿ, ನಡುವೆ ಸರಕಾರಿ ಕಡತ. ಇದು ದೊಡ್ಡ ಬಂಗಲೆಯವರ ಸಲಹೆ.

ಮೂರನೆಯ ದಾರಿಯೊಂದಿದೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರಾಡ್ ನ್ಯೂಬರ್ಗ್ ಎಂಬಾತ ಆರಂಭಿಸಿದ ಕೋವರ್ಕಿಂಗ್, ಅಂದರೆ ಬೇರೆಬೇರೆ ಕೆಲಸದವರು ಒಂದೇ ಸೂರಿನಡಿ ಮೇಜು ಹಂಚಿಕೊಳ್ಳುವ ಪದ್ಧತಿ. ಮುಂಬಯಿಯಲ್ಲೂ ಇಂಥವು ಬಂದಿವೆ; ಆದರೆ ಹೆಚ್ಚಿನವು ಅಂಧೇರಿ, ಲೋವರ್ ಪರೇಲ್, ಬಾಂದ್ರಾ-ಕುರ್ಲಾಗಳಲ್ಲಿ. ಅಲ್ಲಿಗೆ ಹೋಗಲು ಕಲ್ಯಾಣದವನು ಅದೇ ಗಾಡಿಗೆ ನೇತಾಡಬೇಕಲ್ಲವೇ? ಸರಕಾರಿ ಕಡತವನ್ನು ಖಾಸಗಿ ಬಾಡಿಗೆ ಮೇಜಿನ ಮೇಲೆ ಹರಡುವುದೂ ಸಲ್ಲದು.

ಆದ್ದರಿಂದ ಸರಕಾರವೇ ಉಪನಗರಗಳಲ್ಲಿ ಇಂಥ ಕೊಠಡಿಗಳನ್ನು ತೆರೆಯಲಿ. ಜಾಗವೆಲ್ಲಿ ಎನ್ನಬೇಡಿ. 2020ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್., ಎಂ.ಟಿ.ಎನ್.ಎಲ್.ಗಳಿಂದ 90 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಪಡೆದರು. ಅವರು ಕುಳಿತಿದ್ದ ಕುರ್ಚಿಗಳು, ಕೊಠಡಿಗಳು ಎಲ್ಲಿಗೆ ಹೋದವು? ಅಂಥ ಕಟ್ಟಡಗಳಲ್ಲಿ ಹತ್ತು ಇಲಾಖೆಗಳ ಗುಮಾಸ್ತರು ವಾರದಲ್ಲಿ ಮೂರು ದಿನ ಕುಳಿತರೆ ಯಾರ ಗಂಟು ಹೋಗುತ್ತದೆ?

"ಕಣ್ಣೆದುರು ಇಲ್ಲದವನು ದುಡಿಯುವನೇ?" ಎಂದು ಮೇಲಧಿಕಾರಿಗಳು ಕೇಳುತ್ತಾರೆ. ಇ-ಆಫೀಸಿನಲ್ಲಿ ಯಾವ ಕಡತ ಯಾರ ಬಳಿ ಎಷ್ಟು ದಿನ ಕೊಳೆಯಿತೆಂಬುದು ದಾಖಲಾಗುತ್ತದೆ. ಹಾಜರಿ ಪುಸ್ತಕ ಇದನ್ನು ಎಂದೂ ಹೇಳಿರಲಿಲ್ಲ. ಸಾರ್ವಜನಿಕರ ಕೌಂಟರಿನಲ್ಲಿ ಕೂರುವವರು ಅಲ್ಲೇ ಇರಬೇಕು, ಒಪ್ಪಿದೆ. ಕಡತ ನೋಡುವವನನ್ನೇಕೆ ಓಡಿಸುತ್ತೀರಿ?

ಇದು ನೌಕರರ ಮಾತು, ಕನ್ನಡ ಸಂಘಕ್ಕೇಕೆ ಎನ್ನಬಹುದು. ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟುವ ತಂದೆ, ಮಲಗಿದ ಮಗುವಿಗೆ ಯಾವ ಕನ್ನಡ ಕಲಿಸಿಯಾನು? ನಮ್ಮ ಸಂಜೆಯ ಕಾರ್ಯಕ್ರಮಗಳ ಖಾಲಿ ಕುರ್ಚಿಗಳಿಗೆ ಅಭಿಮಾನದ ಕೊರತೆಯೆಂದು ಭಾಷಣ ಮಾಡುವುದನ್ನು ಬಿಟ್ಟು, ನಮ್ಮ ಸಂಘಗಳೂ ನೌಕರರ ಸಂಘಗಳೂ ಕೂಡಿ ಕೇಂದ್ರಕ್ಕೆ ಮನವಿ ಸಲ್ಲಿಸಲಿ. ಸಂಬಂಧಪಟ್ಟವರು ಗಮನಿಸುವರೇ?