ಶ್ವೇತಭವನದ ಕುಜ, ಕೆಂಗೇರಿಯ ಕುಜ

ರಾಜಾಜಿನಗರದ ರಾಮಮಂದಿರಕ್ಕೆ ಕೂಗಳತೆಯಲ್ಲಿ ಜೋಯಿಸರೊಬ್ಬರಿದ್ದಾರೆ. ಅವರ ಹೆಸರು ಇಲ್ಲಿ ಬೇಡ. ಸಜ್ಜನರು, ಸಂಸ್ಕೃತ ಬಲ್ಲವರು, ಬಂದವರನ್ನು ಕಾಫಿ ಕೊಡದೆ ಕಳುಹಿಸುವವರಲ್ಲ. ಸಂಜೆಯಾಯಿತೆಂದರೆ ಅವರ ಜಗಲಿಯಲ್ಲಿ ನಾಲ್ಕಾರು ಮಂದಿ ನಿವೃತ್ತರು ಸೇರುತ್ತಾರೆ. ಬಸವೇಶ್ವರನಗರದ ನನ್ನ ಮನೆಯಿಂದ ನಡೆದು ಹೋಗುವಷ್ಟೇ ದೂರವಾದುದರಿಂದ ನಾನೂ ಆಗಾಗ ಅಲ್ಲಿ ಕುಳಿತದ್ದುಂಟು. ಆ ಜಗಲಿಯಲ್ಲಿ ನಮ್ಮ ಬೀದಿಯ ಚರಂಡಿಯ ವಿಷಯ ಬರುವುದು ಅಪರೂಪ. ಅಮೆರಿಕದ ಅಧ್ಯಕ್ಷರ ವಿಷಯ ಬಾರದ ದಿನವಿಲ್ಲ.

2024ರ ದಸರೆಯ ಸಮಯ. ಅಮೆರಿಕದ ಚುನಾವಣೆಗೆ ಇನ್ನೊಂದು ತಿಂಗಳಿತ್ತು. ಜೋಯಿಸರು ಡೊನಾಲ್ಡ್ ಟ್ರಂಪರ ಕುಂಡಲಿಯನ್ನು ತೊಡೆಯ ಮೇಲಿಟ್ಟುಕೊಂಡು ವಿವರಿಸುತ್ತಿದ್ದರು: "ಸಿಂಹ ಲಗ್ನ, ಲಗ್ನದಲ್ಲೇ ಕುಜ. ನೋಡಿ ಮೇಷ್ಟ್ರೇ, ದುಡುಕು, ಮುಂಗೋಪ, ನಾಲಗೆಗೆ ಲಗಾಮಿಲ್ಲ. ಈ ಸಲ ಆ ಕುಜನೇ ಅವರನ್ನು ಮುಗ್ಗರಿಸುತ್ತಾನೆ. ಗೆಲ್ಲುವುದು ಕಮಲಾ ಹ್ಯಾರಿಸ್." ಆಕೆಯ ತಾಯಿಯ ತಂದೆ ತಮಿಳುನಾಡಿನ ತುಳಸೇಂದ್ರಪುರದವರೆಂಬ ಅಭಿಮಾನವೂ ಆ ಮಾತಿನಲ್ಲಿ ಸ್ವಲ್ಪ ಬೆರೆತಿತ್ತು.

ನವೆಂಬರ್ 5 ಬಂತು, ಹೋಯಿತು. ಮುಂದಿನ ವಾರ ಅದೇ ಜಗಲಿ, ಅದೇ ಕುಂಡಲಿ. "ಸಿಂಹದಲ್ಲಿ ಲಗ್ನದ ಕುಜ ಎಂದರೆ ಸಾಮಾನ್ಯವೇ ಮೇಷ್ಟ್ರೇ? ಛಲ, ಸಾಹಸ, ಬಿದ್ದರೂ ಎದ್ದು ನಿಲ್ಲುವ ಶಕ್ತಿ. ದಶಮದಲ್ಲಿ ರವಿ ಬೇರೆ. ರಾಜ್ಯಾಧಿಕಾರ ತಪ್ಪುವುದುಂಟೆ!" ದಸರೆಯಲ್ಲಿ ಮುಂಗೋಪಿಯಾಗಿದ್ದ ಕುಜ ಕಾರ್ತಿಕದಲ್ಲಿ ಸಾಹಸಿಯಾಗಿದ್ದ. ಎಲ್ಲರೂ ನಕ್ಕರು, ಜೋಯಿಸರೂ ನಕ್ಕರು, ನಾನೂ ನಕ್ಕೆ. ವಿಷಯ ಅಲ್ಲಿಗೇ ಮುಗಿದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ.

ನನ್ನ ಅಕ್ಕ ಕೆಂಗೇರಿ ಉಪನಗರದಲ್ಲಿದ್ದಾಳೆ. ಅವಳ ಮಗಳು ಎಂ.ಎಸ್‌ಸಿ. ಮುಗಿಸಿ ಕೆಲಸದಲ್ಲಿದ್ದಾಳೆ. ಮದುವೆಯ ಮಾತು ನಡೆಯುತ್ತಿದೆ. ಮೂರು ಕಡೆಯವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಹುಡುಗಿ ಒಪ್ಪಿಗೆಯೆಂಬಂತೆಯೇ ಮಾತನಾಡಿದರು, ಜಾತಕ ತೆಗೆದುಕೊಂಡು ಹೋದರು. ಮೂರು ಕಡೆಯಿಂದಲೂ ಇಲ್ಲವೆಂದು ಬಂತು. ಮೂರನೆಯವರು ಮಾತ್ರ ಕಾರಣ ಹೇಳುವಷ್ಟು ಸೌಜನ್ಯ ತೋರಿಸಿದರು: ಲಗ್ನದಲ್ಲಿ ಕುಜನಿದ್ದಾನೆ, ನಮ್ಮ ಹುಡುಗನ ಆಯುಸ್ಸಿಗೆ ಆಗಿಬರುವುದಿಲ್ಲ. ಬೇಕಾದರೆ ಮೊದಲು ಮಡಕೆಯೊಂದರ ಜೊತೆ ಕುಂಭವಿವಾಹ ಮಾಡಿಸಿ, ದೋಷ ಅದಕ್ಕೆ ಹೋಗಲಿ, ಆಮೇಲೆ ನೋಡೋಣ ಎಂದು ಸಲಹೆಯನ್ನೂ ಕೊಟ್ಟರು. ಅಕ್ಕ ಅಡಿಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರಸಿಕೊಂಡಳು. ಹುಡುಗಿ ನನ್ನ ಕಡೆ ತಿರುಗಿ, "ಟ್ರಂಪ್ ಜಾತಕದಲ್ಲೂ ಇದೇ ಕುಜ ಅಂತ ನೀವೇ ಹೇಳಿದ್ರಲ್ಲ ಮಾವ? ಅವರಿಗೆ ಮೂರು ಮದುವೆ ಆಯ್ತು. ಮಡಕೆ ಕೇಳಿದೋರು ಯಾರು?" ಎಂದಳು. ನಗುತ್ತಲೇ ಹೇಳಿದಳು, ಆದರೆ ಆ ನಗು ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ.

ನಾನು ಜ್ಯೋತಿಷ್ಯವನ್ನು ಕಂಡರೆ ಮೂಗು ಮುರಿಯುವ ಪಂಗಡದವನಲ್ಲ. ಕನ್ನಡ ಪಾಠ ಹೇಳುವವನಿಗೆ ಅದು ಸಾಧ್ಯವೂ ಅಲ್ಲ. 1049ರಲ್ಲಿ ಶ್ರೀಧರಾಚಾರ್ಯ ಬರೆದ 'ಜಾತಕತಿಲಕ' ಕನ್ನಡದ ಮೊದಲ ಜ್ಯೋತಿಷ ಗ್ರಂಥ. ಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಲು ಹೊರಟ ಅವನ ಧೈರ್ಯಕ್ಕೆ ನಾನು ತರಗತಿಯಲ್ಲಿ ಪ್ರತಿವರ್ಷವೂ ಕೈಮುಗಿಯುತ್ತೇನೆ. ಜಗತ್ತಿನ ನಾಯಕರ ಕುಂಡಲಿಗಳನ್ನು ಚರ್ಚಿಸುವ ಹವ್ಯಾಸವೂ ನಮ್ಮೂರಿಗೆ ಹೊಸದಲ್ಲ. ಬಿ. ಸೂರ್ಯನಾರಾಯಣ ರಾಯರು 1895ರಲ್ಲಿ ಆರಂಭಿಸಿದ 'ಅಸ್ಟ್ರಲಾಜಿಕಲ್ ಮ್ಯಾಗಝೀನ್' ಪತ್ರಿಕೆಯನ್ನು ಅವರ ಮೊಮ್ಮಗ ಬಿ. ವಿ. ರಾಮನ್ 1936ರಲ್ಲಿ ಮತ್ತೆ ಎಬ್ಬಿಸಿ, 1998ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನಿಂದ ನಡೆಸಿದರು. 2007ರಲ್ಲಿ ಅದು ನಿಂತಿತು. ನಮ್ಮ ಜೋಯಿಸರು ಅದರ ಹಳೆಯ ಸಂಚಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದಾರೆ.

ಜೋಯಿಸರ ಮೊದಲ ವಾದವೂ ನನಗೆ ಗೊತ್ತು: "ಪಂಚಾಂಗ ಹೇಳಿದ ಘಳಿಗೆಗೆ ಗ್ರಹಣ ಹಿಡಿಯುತ್ತದೆಯೋ ಇಲ್ಲವೋ?" ಹಿಡಿಯುತ್ತದೆ. ಅದು ಗಣಿತ. ಆ ಗಣಿತಕ್ಕೆ ನನ್ನ ನಮಸ್ಕಾರ. ಆದರೆ ಕುಜ ಇಂಥ ದಿನ ಇಂಥ ರಾಶಿಯಲ್ಲಿರುತ್ತಾನೆ ಎನ್ನುವುದು ಒಂದು ಮಾತು; ಅವನು ಅಲ್ಲಿದ್ದುದರಿಂದ ಕೆಂಗೇರಿಯ ಹುಡುಗಿಯ ಗಂಡ ಸಾಯುತ್ತಾನೆ ಎನ್ನುವುದು ಬೇರೆಯೇ ಮಾತು. ಮೊದಲನೆಯದರ ಮರ್ಯಾದೆಯನ್ನು ಎರಡನೆಯದು ಸಾಲ ತಂದು ಬದುಕುತ್ತಿದೆ.

ಅಮೆರಿಕದ ಅಧ್ಯಕ್ಷರನ್ನೇ ಸಾಕ್ಷಿಗೆ ಕರೆಯೋಣ. 1946ರಲ್ಲಿ ಅರವತ್ತಾರು ದಿನಗಳ ಅಂತರದಲ್ಲಿ ಮೂವರು ಅಧ್ಯಕ್ಷರು ಹುಟ್ಟಿದ್ದಾರೆ. ಜೂನ್ 14ರಂದು ಟ್ರಂಪ್, ಜುಲೈ 6ರಂದು ಕಿರಿಯ ಬುಷ್, ಆಗಸ್ಟ್ 19ರಂದು ಕ್ಲಿಂಟನ್. ನಮ್ಮ ನಿರಯನ ಲೆಕ್ಕದಲ್ಲಿ ಮೂವರಿಗೂ ಶನಿ ಕರ್ಕಾಟಕದಲ್ಲಿ, ರಾಹು ವೃಷಭದಲ್ಲಿ. ಪ್ರಚಾರದಲ್ಲಿರುವ ಜನನಕಾಲವನ್ನೇ ಹಿಡಿದರೆ ಟ್ರಂಪ್ ಮತ್ತು ಕ್ಲಿಂಟನ್ ಇಬ್ಬರಿಗೂ ಕುಜ ಲಗ್ನದಲ್ಲಿ. ಬುಷ್‌ಗೆ ಎರಡನೆಯ ಮನೆಯಲ್ಲಿ. ಇವರಲ್ಲಿ ಒಬ್ಬರು ತಂದೆಯ ಮುಖ ಕಾಣದೆ ಹುಟ್ಟಿದವರು, ಒಬ್ಬರು ಅಧ್ಯಕ್ಷರ ಮಗ, ಒಬ್ಬರು ನ್ಯೂಯಾರ್ಕಿನ ದೊಡ್ಡ ಕಟ್ಟಡೋದ್ಯಮಿಯ ಮಗ. ಮಾತು, ನಡೆ, ಸ್ವಭಾವ ಒಂದಕ್ಕೊಂದು ತಾಳೆಯಿಲ್ಲ. ಇನ್ನು ಕುಜದೋಷ: ಎಲ್ಲ ಸಂಪ್ರದಾಯಗಳ ಪಟ್ಟಿಯನ್ನೂ ಕೂಡಿಸಿದರೆ ಲಗ್ನ, ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೆಯ ಮನೆಗಳಲ್ಲಿ ಕುಜನಿದ್ದರೆ ದೋಷ. ಹಾಗಾದರೆ ಮೂವರೂ ದೋಷಿಗಳೇ. 1975ರಲ್ಲಿ ಮದುವೆಯಾದ ಕ್ಲಿಂಟನ್ ದಂಪತಿ 2025ರಲ್ಲಿ ಐವತ್ತನೆಯ ವರ್ಷ ಮುಟ್ಟಿದರು. ಬುಷ್ ದಂಪತಿಯದು 1977ರ ಮದುವೆ. ಅಲ್ಲದೆ, ಹನ್ನೆರಡರಲ್ಲಿ ಆರು ಮನೆ ದೋಷವೆಂದರೆ ಲೋಕದ ಸುಮಾರು ಅರ್ಧ ಜನ ದೋಷಿಗಳೆಂದಾಯಿತು! ಕೆಲವರು ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುತ್ತಾರೆ. ಆಗ ತಪ್ಪಿಸಿಕೊಳ್ಳುವವರು ಎಂಟರಲ್ಲಿ ಒಬ್ಬರೋ ಏನೋ.

ಸ್ವಭಾವ ಹೇಗೆ ಹೊಂದಿಕೊಳ್ಳುತ್ತದೆಂಬುದಕ್ಕೂ ಪರೀಕ್ಷೆಗಳು ನಡೆದಿವೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರದ ಅಧ್ಯಾಪಕ ಬರ್ಟ್ರಂ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ, ಇದು ನಿಮ್ಮ ನಿಮ್ಮ ಸ್ವಭಾವದ ವಿವರಣೆ ಎಂದು ಒಂದೊಂದು ಹಾಳೆ ಕೊಟ್ಟ. ಐದಕ್ಕೆ ಸರಾಸರಿ 4.26 ಅಂಕ ಕೊಟ್ಟು ಅವರು ಮೆಚ್ಚಿದರು. ಎಲ್ಲರ ಕೈಯಲ್ಲಿದ್ದುದೂ ಒಂದೇ ಬರಹ. ಜ್ಯೋತಿಷ್ಯದ ಪುಸ್ತಕವೊಂದರಿಂದ ಹೆಕ್ಕಿದ ಮಾತುಗಳು. 2008ರಲ್ಲಿ ಪುಣೆಯಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರರು ಇನ್ನೂರು ಮಕ್ಕಳ ಜಾತಕಗಳನ್ನು ಕೂಡಿಸಿದರು. ಅರ್ಧ ಜಾಣ ವಿದ್ಯಾರ್ಥಿಗಳವು, ಅರ್ಧ ಬುದ್ಧಿಮಾಂದ್ಯವಿದ್ದ ಮಕ್ಕಳವು. ಯಾವುದು ಯಾರದೆಂದು ಹೇಳಿ ಎಂದು ಜ್ಯೋತಿಷಿಗಳನ್ನು ಕೇಳಿದರು. ಉತ್ತರ ಕಳುಹಿಸಿದ 27 ಮಂದಿಯ ಸರಿಯುತ್ತರ ನೂರಕ್ಕೆ ಸುಮಾರು 46. ನಾಣ್ಯ ಚಿಮ್ಮಿದ್ದರೆ ಐವತ್ತು ಬರುತ್ತಿತ್ತು.

ಅಷ್ಟು ದೊಡ್ಡ ಪರೀಕ್ಷೆ ನನ್ನ ಕೈಯಲ್ಲಾಗದು. ಸಣ್ಣದೊಂದು ಕುಚೋದ್ಯ ಮಾಡಿದೆ. ಅದಕ್ಕೆ ಜೋಯಿಸರ ಕ್ಷಮೆಯನ್ನು ಆಗಲೇ ಕೇಳಿದ್ದೇನೆ. ಟ್ರಂಪರ ರಾಶಿಕುಂಡಲಿಯನ್ನು ಒಂದು ಹಾಳೆಯ ಮೇಲೆ ಬರೆದೆ: ಸಿಂಹದಲ್ಲಿ ಲಗ್ನ ಮತ್ತು ಕುಜ, ಕನ್ಯೆಯಲ್ಲಿ ಗುರು, ವೃಶ್ಚಿಕದಲ್ಲಿ ಚಂದ್ರ ಕೇತು, ವೃಷಭದಲ್ಲಿ ರವಿ ರಾಹು, ಮಿಥುನದಲ್ಲಿ ಬುಧ, ಕರ್ಕಾಟಕದಲ್ಲಿ ಶುಕ್ರ ಶನಿ. ಹೆಸರು, ತಾರೀಖು ಬರೆಯಲಿಲ್ಲ. "ಪರಿಚಯದವರ ಮನೆಯ ಹುಡುಗಿ, ಮೇಲ್ನೋಟಕ್ಕೆ ಹೇಗಿದೆ ಹೇಳಿ ಸಾಕು" ಎಂದೆ. ಜೋಯಿಸರು ಕನ್ನಡಕ ಏರಿಸಿ ನೋಡಿ ನಿಟ್ಟುಸಿರುಬಿಟ್ಟರು. "ಲಗ್ನದಲ್ಲಿ ಕುಜ. ಹಟಮಾರಿ. ಹೊಂದಿಕೊಂಡು ಬಾಳುವುದು ಕಷ್ಟ, ಗಂಡನಿಗೂ ಒಳ್ಳೆಯದಲ್ಲ. ರವಿಯ ಜೊತೆ ರಾಹು ಬೇರೆ ಇದ್ದಾನೆ, ತೌರುಮನೆ ಕ್ಷೀಣಿಸುತ್ತದೆ, ತಂದೆಗೆ ಶ್ರೇಯಸ್ಸಲ್ಲ" ಎಂದರು. ನಿಜಸ್ಥಿತಿಯಲ್ಲಿ ಆ ಜಾತಕದವರ ತಂದೆ ಫ್ರೆಡ್ ಟ್ರಂಪ್ ಐಶ್ವರ್ಯದಲ್ಲೇ ಬಾಳಿ 1999ರಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಯಾರ ಕುಂಡಲಿಯೆಂದು ಹೇಳಿದೆ. ಜೋಯಿಸರು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಣ್ಣಿನ ಜಾತಕಕ್ಕೂ ಗಂಡಿನ ಜಾತಕಕ್ಕೂ ಫಲ ಬೇರೆ ಮೇಷ್ಟ್ರೇ. ಶಾಸ್ತ್ರದಲ್ಲೇ ಹಾಗಿದೆ" ಎಂದರು.

ಈ ಉತ್ತರ ಪ್ರಾಮಾಣಿಕವಾದದ್ದು. ನನ್ನ ತಕರಾರಿರುವುದೂ ಇಲ್ಲಿಯೇ. ಆಕಾಶದ ಕುಜನಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಗಂಡಸಿನಲ್ಲಿ ಹಟವಿದ್ದರೆ ಛಲವೆಂದೂ, ಅದೇ ಹಟ ಹೆಂಗಸಿನಲ್ಲಿದ್ದರೆ ಗಂಡನನ್ನು ತಿನ್ನುವ ಗುಣವೆಂದೂ ತೀರ್ಮಾನಿಸಿದವರು ಭೂಮಿಯ ಮೇಲಿನ ನಾವು. ನಮ್ಮ ತೀರ್ಪನ್ನು ಆಕಾಶಕ್ಕೆ ಅಂಟಿಸಿ, ಅದು ಮೇಲಿನಿಂದ ಬಂದ ಆಜ್ಞೆಯೆಂದು ಕೆಂಗೇರಿಯ ಹುಡುಗಿಗೆ ಓದಿ ಹೇಳುತ್ತೇವೆ. ಟ್ರಂಪ್ ಹೇಗೆಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಜೋಯಿಸರು ಆ ಸುದ್ದಿಗೆ ತಕ್ಕಂತೆ ಕುಜನನ್ನು ತಿರುಗಿಸುತ್ತಾರೆ. ಹುಡುಗಿಯ ವಿಷಯ ಪತ್ರಿಕೆಯಲ್ಲಿ ಬಂದಿಲ್ಲ. ಅವಳು ತನ್ನ ಅಜ್ಜಿಯನ್ನು ಆರು ತಿಂಗಳು ಮಂಚದ ಮೇಲೆ ಸಾಕಿದ್ದು, ಮೊದಲ ಸಂಬಳದಲ್ಲಿ ತಮ್ಮನ ಕಾಲೇಜಿನ ಶುಲ್ಕ ಕಟ್ಟಿದ್ದು ಜೋಯಿಸರಿಗೆ ಹೇಗೆ ತಿಳಿಯಬೇಕು? ಆದ್ದರಿಂದ ಅಲ್ಲಿ ಕುಜ ಹೇಳಿದ್ದೇ ಕೊನೆ.

ದೊಡ್ಡವರೇ ಇದನ್ನು ನಂಬಿದಾಗಲೂ ಬೆಲೆ ತೆರುವವರು ಬೇರೆಯವರೇ. 1981ರ ಮಾರ್ಚಿಯಲ್ಲಿ ಅಧ್ಯಕ್ಷ ರೇಗನ್ನರ ಮೇಲೆ ಗುಂಡು ಹಾರಿದ ಬಳಿಕ ಅವರ ಪತ್ನಿ ನ್ಯಾನ್ಸಿ, ಸ್ಯಾನ್ ಫ್ರಾನ್ಸಿಸ್ಕೋದ ಜೋನ್ ಕ್ವಿಗ್ಲಿ ಎಂಬ ಜ್ಯೋತಿಷಿಯನ್ನು ಕೇಳಿ ಗಂಡನ ಕಾರ್ಯಕ್ರಮಗಳಿಗೆ ಹೊತ್ತು ಗೊತ್ತುಮಾಡಿಸುತ್ತಿದ್ದರು. ಒಳ್ಳೆಯ ದಿನಕ್ಕೆ ಹಸಿರು, ಕೆಟ್ಟ ದಿನಕ್ಕೆ ಕೆಂಪು, ಅನುಮಾನದ ದಿನಕ್ಕೆ ಹಳದಿ ಎಂದು ಗುರುತು ಹಾಕಿದ ಕ್ಯಾಲೆಂಡರಿನ ಕಥೆಯನ್ನು ಶ್ವೇತಭವನದ ಸಿಬ್ಬಂದಿಯ ಮುಖ್ಯಸ್ಥರಾಗಿದ್ದ ಡೊನಾಲ್ಡ್ ರೀಗನ್ 1988ರಲ್ಲಿ ಬರೆದರು. ಗಂಡನ ಪ್ರಾಣದ ಬಗ್ಗೆ ಹೆದರಿದ ಹೆಂಡತಿಯ ಮನಸ್ಸು ನನಗೆ ಅರ್ಥವಾಗುತ್ತದೆ. ನಮ್ಮಲ್ಲೇ ನೋಡಿ: ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯದೆಂಬ ಮಾತಿಗೆ ಅಂಜಿ ಎಷ್ಟೋ ವರ್ಷ ನಾಯಕರು ಆ ಊರಿನ ದಾರಿ ಬಿಟ್ಟರು. ನಷ್ಟವಾದದ್ದು ಅಲ್ಲಿನ ಜನಕ್ಕೆ. ಸಿದ್ದರಾಮಯ್ಯನವರು 2013ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಹಲವು ಸಲ ಹೋಗಿಬಂದು 2018ರವರೆಗೆ ಅವಧಿ ಪೂರ್ತಿ ಮುಗಿಸಿದರು.

ಕಾನೂನು ಮಾಡಿ ಜೋಯಿಸರ ಬಾಯಿ ಮುಚ್ಚಿಸಿ ಎನ್ನುವವನು ನಾನಲ್ಲ. ಮೂಢಾಚರಣೆಗಳ ವಿರುದ್ಧ 2017ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಕಾಯಿದೆಯೂ ಜ್ಯೋತಿಷಿಗಳ ಸಲಹೆಯನ್ನು ಹೊರಗಿಟ್ಟೇ ಬಂದಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ರಚಿಸಿದರಲ್ಲ, ಅವರು ಕೈಗೆ ತೆಗೆದುಕೊಂಡದ್ದು ದಂಡವನ್ನಲ್ಲ, ಪ್ರಶ್ನೆಯನ್ನು. ನಾನೂ ಕೇಳುವುದು ಅಷ್ಟೇ. ಶುಭಮುಹೂರ್ತ ಹುಡುಕುವವರನ್ನು ಎಂಟು ಶತಮಾನಗಳ ಹಿಂದೆಯೇ ಹಳಿದ ಬಸವಣ್ಣನವರ ಹೆಸರಿನ ಬಡಾವಣೆಯಲ್ಲಿ ವಾಸಿಸುವ ನನಗೆ ಇಷ್ಟು ಕೇಳುವ ಅಧಿಕಾರವಾದರೂ ಇದ್ದೀತು.

ಗಂಡಿನ ಕಡೆಯ ಹಿರಿಯರೇ, ಅಮೆರಿಕದ ಅಧ್ಯಕ್ಷರು ಎಂಥವರೆಂದು ನೀವು ತಿಳಿದುಕೊಂಡದ್ದು ಹೇಗೆ? ಅವರು ಆಡಿದ್ದನ್ನು ಕೇಳಿ, ಮಾಡಿದ್ದನ್ನು ನೋಡಿ, ಬಲ್ಲವರನ್ನು ವಿಚಾರಿಸಿ ತಾನೆ? ಸಾವಿರಾರು ಮೈಲಿ ದೂರದವರಿಗೆ ಸಲ್ಲಿಸಿದ ಆ ನ್ಯಾಯವನ್ನು ನಿಮ್ಮೆದುರಿಗೇ ಕಾಫಿಯ ತಟ್ಟೆ ಹಿಡಿದು ನಿಂತ ಹುಡುಗಿಗೂ ಸಲ್ಲಿಸಿ. ಅವಳನ್ನು ಮಾತನಾಡಿಸಿ. ಅವಳ ಮೇಷ್ಟರನ್ನು, ಅಕ್ಕಪಕ್ಕದವರನ್ನು, ಜೊತೆಯಲ್ಲಿ ಕೆಲಸ ಮಾಡುವವರನ್ನು ಕೇಳಿ. ಅಷ್ಟಾದ ಮೇಲೂ ಬೇಡವೆನಿಸಿದರೆ ಬೇಡವೆನ್ನಿ; ಆ ಬೇಡವೆಂಬ ಮಾತು ನಿಮ್ಮದಾಗಿರಲಿ, ಕುಜನ ತಲೆಗೆ ಕಟ್ಟಬೇಡಿ.

ಹೋದ ಭಾನುವಾರ ಕೆಂಗೇರಿಗೆ ಹೋಗಿದ್ದೆ. ನಾಲ್ಕನೆಯವರು ಬರುವವರಿದ್ದಾರಂತೆ. ಜಾತಕದ ನಕಲು ಎಲ್ಲಿಟ್ಟೆಯೆಂದು ಅಕ್ಕನನ್ನು ಕೇಳಿದೆ. "ಇನ್ನು ಮೇಲೆ ಕೊಡೋದಿಲ್ಲ ಕಣೋ" ಎಂದಳು. ಭಾವನವರು ಪತ್ರಿಕೆಯಿಂದ ತಲೆಯೆತ್ತಿ ಅವಳನ್ನೊಮ್ಮೆ ನೋಡಿದರು, ಬೇಡವೆನ್ನಲಿಲ್ಲ.