ತೊಟ್ಟಿಗೂ ಮಡಿಯೇ?

"ಮಾಮಾ, ನನಗ ಆಕ್ಸೊಲಾಟಲ್ ಬೇಕಂದ್ರ ಬೇಕು!" ಅಂತ ಅಕ್ಕನ ಮಗ ಹಟ ಹಿಡಿದಿದ್ದಾನೆ. ಮೈನ್‌ಕ್ರಾಫ್ಟ್ ಆಟದಲ್ಲಿ 2021ರಿಂದ ಅದೂ ಸೇರಿಕೊಂಡಿದೆ, ಅಲ್ಲಿಂದ ಹಿಡಿದ ಹುಚ್ಚು. ಕಿವಿರುಗಳನ್ನು ಜುಟ್ಟಿನ ಹಾಗೆ ತಲೆಯ ಹೊರಗೇ ಬಿಟ್ಟುಕೊಂಡು, ಸದಾ ನಗುವಂತೆ ಕಾಣುವ ಮೆಕ್ಸಿಕೋದ ಉಭಯವಾಸಿ ಅದು. ನಾನು ಬೇಡ ಅಂದೆ. ಯಾಕೆ ಅಂತ ಹೇಳುತ್ತೇನೆ ಕೇಳಿ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಮಡಿ ಸ್ವಲ್ಪ ಜಾಸ್ತಿ. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಹಾಗೆ ನಾನು ಮೀನಿನ ತೊಟ್ಟಿಯನ್ನೂ ತಿಕ್ಕುತ್ತಿದ್ದೆ. ಒಂದು ಭಾನುವಾರ ನೀರೆಲ್ಲ ಚೆಲ್ಲಿ, ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ತೊಳೆದು, ಆಗ ತಾನೇ ಬಂದ ನೀರು ತುಂಬಿಸಿದೆ. ತೊಟ್ಟಿ ಥಳಥಳ! ವಾರದೊಳಗೆ ನಾಲ್ಕೂ ಗೋಲ್ಡ್‌ಫಿಶ್ ಸತ್ತವು.

ಆಮೇಲೆ ಓದಿ ತಿಳಿದದ್ದು ಇಷ್ಟು. ಮೀನಾಗಲಿ ಆಕ್ಸೊಲಾಟಲ್ ಆಗಲಿ, ಅದರ ಹೊಲಸಿನಿಂದ, ತಿನ್ನದೆ ಬಿಟ್ಟ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲೆರಡು ಭಾರಿ ವಿಷ. ಮೂರನೆಯದು ಏರದಂತೆ ವಾರಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸುತ್ತಿರಬೇಕು. ಈ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಎಂಟು ವಾರ ಬೇಕು. ನಾನು ಹತ್ತು ನಿಮಿಷದಲ್ಲಿ ತೊಳೆದುಹಾಕಿದ್ದೆ.

ಇನ್ನು ನಲ್ಲಿ ನೀರು. ನವಿಲುತೀರ್ಥದ ಜಲಾಶಯದ ಮಲಪ್ರಭೆ ಅಮ್ಮಿನಬಾವಿಯಲ್ಲಿ ಶುದ್ಧವಾಗಿ ನಮ್ಮೂರಿಗೆ ಬರುತ್ತದೆ. ನಮ್ಮನ್ನು ರೋಗದಿಂದ ಕಾಯುವ ಕ್ಲೋರಿನ್ನೇ ಕಿವಿರನ್ನು ಸುಡುತ್ತದೆ. ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಬಿಡಬೇಕು, ಇಲ್ಲವೇ ಆಂಟಿಕ್ಲೋರಿನ್ ಹನಿ ಹಾಕಬೇಕು.

ಇಷ್ಟನ್ನು ಹುಡುಗ ಕಲಿತಾನು. ಆದರೆ ಬಿಸಿಲಿಗೆ ಏನು ಮಾಡುವುದು? ಆಕ್ಸೊಲಾಟಲ್‌ಗೆ ಹಿತವಾದದ್ದು 16ರಿಂದ 18 ಡಿಗ್ರಿಯ ನೀರು. 24 ದಾಟಿದರೆ ಅದು ನರಳುತ್ತದೆ. ಏಪ್ರಿಲ್‌ನಲ್ಲಿ ಧಾರವಾಡದ ಬಿಸಿಲು 35 ದಾಟುತ್ತದೆ. ನೀರು ಬೆಚ್ಚಗಾದಷ್ಟೂ ಆಮ್ಲಜನಕ ಕಡಿಮೆ, ಅಮೋನಿಯಾದ ವಿಷ ಹೆಚ್ಚು. ಆಗಾಗ ಐಸ್ ಹಾಕಿದರೆ ಏರಿಳಿತದ ಕಾಟ ಬೇರೆ. ಹಗಲೂ ರಾತ್ರಿ ಚಿಲ್ಲರ್ ಓಡಬೇಕು, ಕರೆಂಟು ಕೈಕೊಡಬಾರದು. ಅದರ ತವರಾದ ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕಾಲುವೆಗಳಲ್ಲೇ ನೀರು ಕೆಟ್ಟು ಅದು ಅಳಿವಿನಂಚಿಗೆ ಬಂದಿದೆ. ನಮ್ಮ ಪಡಸಾಲೆಯಲ್ಲಿ ಅದನ್ನು ಬೇಯಿಸುವುದು ಯಾವ ಪ್ರೀತಿ?

ಅದಕ್ಕೇ ಅಳಿಯನ ಜೊತೆ ಒಂದು ಕರಾರು ಮಾಡಿಕೊಂಡಿದ್ದೇನೆ. ಎಂಟು ವಾರ ಬರೀ ನೀರು ಸಾಕಬೇಕು. ಬ್ಯಾಕ್ಟೀರಿಯಾಗಳಿಗಾಗಿ ದಿನಾ ಒಂದು ಚಿಟಿಕೆ ಮೀನಿನ ಆಹಾರ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು ನಿಂತ ಮೇಲೆ, ನಮ್ಮ ಬಿಸಿಲು ತಾಳುವ ನಾಲ್ಕು ಗಪ್ಪಿ.

"ಮೀನಿಲ್ಲದ ತೊಟ್ಟಿ ನೋಡಕೋತ ಕೂಡ್ಲೇನು?" ಅಂದ.

ಹೂಂ ಅಂದೆ. ಮುಖ ಊದಿಸಿಕೊಂಡು ಹೋಗಿದ್ದಾನೆ, ಬರುತ್ತಾನೆ ಬಿಡಿ :-)

ನಿಮ್ಮ ಮನೆಯಲ್ಲೂ ತೊಟ್ಟಿ ಇದ್ದರೆ ಆ ಸ್ಪಂಜನ್ನು ನಲ್ಲಿಗೆ ಹಿಡಿಯಬೇಡಿ ಮಾರಾಯ್ರೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಸಾಕು. ಮಡಿ ಎಲ್ಲ ಕಡೆ ನಡೆಯೋದಿಲ್ಲ. ಏನಂತೀರಿ?