ಚಳಿಯ ನಾಡಿನ ಬಿಸಿಲು: ಆಕ್ಷೇಪಗಳಿಗೆ ಉತ್ತರ

ಕಳೆದ ಗ್ರಾಮಸಭೆಯಲ್ಲಿ ನಾವು ಐದಾರು ಜನ ಸೇರಿ ಒಂದು ಬೇಡಿಕೆ ಇಟ್ಟಿದ್ದೆವು. ಮಾರ್ಚ್ ಮೊದಲ ವಾರದಿಂದ ಮುಂಗಾರು ಹಿಡಿಯುವವರೆಗೆ, ಊರಿನಲ್ಲಿ ಒಂಟಿಯಾಗಿರುವ, ಇಲ್ಲವೇ ಗಂಡ ಹೆಂಡತಿ ಇಬ್ಬರೇ ಇರುವ ಹಿರಿಯರ ಮನೆಗೆ ದಿನಕ್ಕೊಮ್ಮೆ ಮಧ್ಯಾಹ್ನದ ಮೇಲೆ ಯಾರಾದರೂ ಹೋಗಿ ನೋಡಿಕೊಂಡು ಬರಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ವಯಸ್ಸಾದವರಿಗೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಕ್ಕಿ ಕೊಟ್ಟು ಕಳಿಸಬೇಕು. ಬಸ್ಸು ನಿಲ್ಲುವ ಕಡೆ ನೆರಳು, ಕುಡಿಯುವ ನೀರು, ಚಿಲಕ ಸರಿಯಿರುವ ಒಂದು ಶೌಚಾಲಯ ಬೇಕು. ಇಷ್ಟೇ. ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ಬೇಡವೆಂದವರು ಕೆಟ್ಟವರಲ್ಲ, ನನಗೆ ಬೇಕಾದವರೇ. ಅವರ ಮಾತನ್ನು ಒಂದೊಂದಾಗಿ ಬರೆದಿಟ್ಟುಕೊಂಡಿದ್ದೆ. ಸಭೆಯ ಗದ್ದಲದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ಮೊದಲ ಮಾತು: “ಕೊಡಗಿಗೂ ಸೆಕೆಗೂ ಏನು ಸಂಬಂಧ? ಇದೇನು ಕಲಬುರಗಿಯೇ?”

ಕಲಬುರಗಿ ಅಲ್ಲ ಎಂಬುದೇ ನಮ್ಮ ಕಷ್ಟ. ಅಲ್ಲಿಯವರು ಬಿಸಿಲನ್ನು ಅರಿತು ಬದುಕುತ್ತಾರೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಯ ಹೊತ್ತನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ನಮ್ಮಲ್ಲಿ ಹನ್ನೆರಡು ಗಂಟೆಯ ಬಿಸಿಲಿಗೆ ಎಪ್ಪತ್ತೈದರ ಅಜ್ಜ ಬ್ಯಾಂಕಿನ ಮುಂದೆ ನಿಂತಿರುತ್ತಾರೆ, ಯಾರಿಗೂ ಅದು ತಪ್ಪೆನಿಸುವುದಿಲ್ಲ.

ಭಾರತೀಯ ಹವಾಮಾನ ಇಲಾಖೆ ಶಾಖದ ಅಲೆಯನ್ನು ಎಲ್ಲ ಊರಿಗೂ ಒಂದೇ ಗೆರೆ ಎಳೆದು ಅಳೆಯುವುದಿಲ್ಲ. ಗರಿಷ್ಠ ಉಷ್ಣಾಂಶ ಬಯಲುಸೀಮೆಯಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಿದರೆ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಅದು ವಾಡಿಕೆಗಿಂತ ಎಷ್ಟು ಹೆಚ್ಚೆಂದು ನೋಡುತ್ತಾರೆ. ಗುಡ್ಡದವರಿಗೆ ಮೂವತ್ತೇ ಏಕೆ? ಮೈ ತಾನಿರುವ ಊರಿನ ಹವೆಗೆ ಒಗ್ಗಿಕೊಂಡಿರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕುಶಾಲನಗರ ಅದಕ್ಕಿಂತ ಮುನ್ನೂರು ಮೀಟರಿನಷ್ಟು ಕೆಳಗೆ. ಆನೆಕಾಡು ದಾಟಿ ಇಳಿಯುವಾಗಲೇ ಗಾಳಿ ಬದಲಾಗುವುದು ಬಸ್ಸಿನಲ್ಲಿ ಕೂತವರಿಗೆಲ್ಲ ಗೊತ್ತು. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸವಿರುವಾಗ “ಕೊಡಗು ತಂಪು” ಎಂಬ ಒಂದೇ ಮಾತು ಯಾರ ಮನೆಯ ಅಂಗಳಕ್ಕೆ ಹೊಂದುತ್ತದೆ?

ತಂಪಿನ ನಾಡಿಗೆ ಬಿಸಿ ಬಂದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕೆನಡಾದ ಪಶ್ಚಿಮ ತುದಿಯಲ್ಲಿರುವ ಬ್ರಿಟಿಷ್ ಕೊಲಂಬಿಯಾದಲ್ಲಿ 2021ರ ಜೂನ್ ಕೊನೆಯ ವಾರ ಎಂದೂ ಕಾಣದ ಬಿಸಿ ಬಿತ್ತು. ಲಿಟನ್ ಎಂಬ ಹಳ್ಳಿಯಲ್ಲಿ 49.6 ಡಿಗ್ರಿ. ಆ ಪ್ರಾಂತ್ಯದಲ್ಲಿ ಸತ್ತವರು 619 ಜನ. ಮೂವರಲ್ಲಿ ಇಬ್ಬರು ಎಪ್ಪತ್ತು ದಾಟಿದವರು, ಅರ್ಧಕ್ಕಿಂತ ಹೆಚ್ಚು ಮಂದಿ ಒಂಟಿಯಾಗಿದ್ದವರು. ಬಹುತೇಕ ಎಲ್ಲರಿಗೂ ಬಿಸಿ ತಗಲಿದ್ದು ಬಯಲಿನಲ್ಲಲ್ಲ, ಮನೆಯೊಳಗೆ. ನಮ್ಮಲ್ಲಿ ಅಷ್ಟು ಡಿಗ್ರಿ ಬರುತ್ತದೆಂದು ನಾನು ಹೆದರಿಸುತ್ತಿಲ್ಲ. ಚಳಿ ತಡೆಯಲು ಕಟ್ಟಿದ ಮನೆ, ಚಳಿಗೆ ಪಳಗಿದ ಮೈ, ಒಂಟಿ ಮುಪ್ಪು ಈ ಮೂರೂ ಸೇರಿದರೆ ಏನಾಗುತ್ತದೆ ಎಂಬುದನ್ನು ನೋಡಿ ಎನ್ನುತ್ತಿದ್ದೇನೆ. ಆ ಮೂರೂ ನಮ್ಮಲ್ಲಿವೆ.

ಎರಡನೆಯ ಮಾತು ಎಲ್ಲರಿಗೂ ಪ್ರಿಯವಾದದ್ದು: “ನಮ್ಮ ಅಜ್ಜ ತೊಂಬತ್ತರವರೆಗೂ ಗದ್ದೆಗೆ ಇಳಿಯುತ್ತಿದ್ದರು. ಅವರಿಗೆ ಯಾರು ನೀರು ಅಳೆದು ಕೊಟ್ಟರು?”

ಹೌದು, ಇಳಿಯುತ್ತಿದ್ದರು. ಅರವತ್ತಕ್ಕೇ ತೀರಿಕೊಂಡ ಅವರ ಓರಗೆಯವರನ್ನು ನಾವು ನೆನೆಯುವುದಿಲ್ಲ, ಅಷ್ಟೇ. ಅಜ್ಜ ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ, ಬಿಸಿಲು ಏರುವಾಗ ಮನೆ ಸೇರಿ, ಹಂಚಿನ ಮಾಡಿನ ಕೆಳಗೆ, ಕೈಯಾಲೆಯ ಐಮರದ ಮೇಲೆ ಮೈಚಾಚುತ್ತಿದ್ದರು. ಸುತ್ತ ಹತ್ತು ಹನ್ನೆರಡು ಜನ. ಅವರ ಮುಖ ಬಾಡಿದರೆ ಸೊಸೆಗೋ ಮೊಮ್ಮಗುವಿಗೋ ಕಾಣುತ್ತಿತ್ತು. ಈಗಿನ ಹಿರಿಯರು ಇರುವುದು ಕಾಂಕ್ರೀಟ್ ತಾರಸಿಯ ಕೆಳಗೆ. ಹಗಲು ಹೀರಿದ ಬಿಸಿಯನ್ನು ಅದು ರಾತ್ರಿ ಹನ್ನೊಂದರವರೆಗೆ ಕೆಳಗೆ ಬಿಡುತ್ತದೆ. ತೋಟದ ಲೈನ್‌ಮನೆಗಳಲ್ಲಿ, ಹಾಡಿಗಳಲ್ಲಿ ತಲೆಯ ಮೇಲಿರುವುದು ಬರೀ ಶೀಟು. ಅಲ್ಲಿನ ಮುದುಕಿಯರ ಮಧ್ಯಾಹ್ನ ಹೇಗಿರುತ್ತದೆಂದು ನಮ್ಮಲ್ಲಿ ಎಷ್ಟು ಜನ ಒಳಗೆ ಹೋಗಿ ನೋಡಿದ್ದೇವೆ? ಇನ್ನೊಂದು ವ್ಯತ್ಯಾಸ ಮಾತ್ರೆಯ ಡಬ್ಬಿ. ಆ ಅಜ್ಜನಿಗೆ ಅದಿರಲಿಲ್ಲ. ಇಂದು ಬಿಪಿ, ಸಕ್ಕರೆ, ಹೃದಯಕ್ಕೆ ಮಾತ್ರೆ ನುಂಗದ ಎಪ್ಪತ್ತರ ಮನುಷ್ಯ ಅಪರೂಪ. ಆ ಮಾತ್ರೆಗಳು ಜೀವ ಉಳಿಸಿವೆ, ನಿಲ್ಲಿಸಿ ಎಂದು ನಾನು ಹೇಳುವವಳಲ್ಲ. ಆದರೆ ಅವುಗಳಲ್ಲಿ ಕೆಲವು ಮೂತ್ರದಲ್ಲಿ ನೀರು, ಉಪ್ಪು ಎರಡನ್ನೂ ಹೊರಗೆ ಹಾಕುತ್ತವೆ, ಕೆಲವು ಬೆವರನ್ನು ತಗ್ಗಿಸುತ್ತವೆ, ಕೆಲವು ಎದೆಬಡಿತ ಏರದಂತೆ ಹಿಡಿಯುತ್ತವೆ. ಬೇಸಿಗೆಗೆ ಮುನ್ನ ಚೀಟಿ ಹಿಡಿದು ಹೋಗಿ “ಸೆಕೆಗಾಲಕ್ಕೆ ಇದರಲ್ಲಿ ಏನಾದರೂ ಬದಲಿಸಬೇಕೇ” ಎಂದು ವೈದ್ಯರನ್ನು ಕೇಳುವುದು ನಮ್ಮ ರೂಢಿಯಾಗಬೇಕು.

ಮೂರನೆಯದು: “ಬಾಯಾರಿದರೆ ಅವರೇ ಕುಡಿಯುತ್ತಾರೆ. ಮಕ್ಕಳೇ ಅವರು?”

ಈ ಮಾತಿಗೆ ನನ್ನ ದೊಡ್ಡಮ್ಮನ ನೆನಪಾಗದೆ ಇರುವುದಿಲ್ಲ. ಮಾರ್ಚ್ ತಿಂಗಳು, ಕಣದಲ್ಲಿ ಕಾಳುಮೆಣಸು ಒಣಗುತ್ತಿತ್ತು. ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನು ಕೆದಕುತ್ತಾ, ಕೋಳಿ ಓಡಿಸುತ್ತಾ ಇದ್ದರು. ನಾಲ್ಕನೆಯ ದಿನ ಕಣದ ಅಂಚಿನಲ್ಲಿ ಕೂತು, ತೀರಿಹೋದ ಅಣ್ಣನನ್ನು ಊಟಕ್ಕೆ ಕರೆಯುತ್ತಿದ್ದರು. ವಯಸ್ಸಿನ ಮರೆವು ಎಂದುಕೊಂಡು ಒಂದು ರಾತ್ರಿ ಕಳೆದೆವು. ಆ ಒಂದು ರಾತ್ರಿಗಾಗಿ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಮೈಯಲ್ಲಿ ನೀರೂ ಉಪ್ಪಿನಂಶವೂ ತೀರ ಇಳಿದಿದೆ ಎಂದರು. ಎಚ್ಚರ ತಿಳಿದ ಮೇಲೆ ದೊಡ್ಡಮ್ಮ ಹೇಳಿದ್ದು, “ನನಗೆ ಬಾಯಾರಲೇ ಇಲ್ಲ ಮಗ.”

ಅವರು ಸುಳ್ಳು ಹೇಳಲಿಲ್ಲ. ವಯಸ್ಸಾದಂತೆ ಬಾಯಾರಿಕೆ ಎಚ್ಚರಿಸುವುದು ತಡವಾಗುತ್ತದೆ, ನೀರನ್ನು ಹಿಡಿದಿಡುವ ಮೂತ್ರಪಿಂಡದ ಶಕ್ತಿ ತಗ್ಗುತ್ತದೆ, ಬೆವರೂ ಕಡಿಮೆ. ಹಾಗಾಗಿ ಬಾಯಾರಿದಾಗ ಕುಡಿಯಿರಿ ಎಂಬ ಸಲಹೆ ಮೂವತ್ತರವರಿಗೆ ಸಾಕು, ಎಂಬತ್ತರವರಿಗೆ ಸಾಲದು.

ಬಾಯಾರಿದರೂ ಕುಡಿಯದವರು ಇದ್ದಾರೆ, ಅದನ್ನು ಸಭೆಯಲ್ಲಿ ಯಾರೂ ಆಡುವುದಿಲ್ಲ. ರಾತ್ರಿ ಎದ್ದು ಹಿತ್ತಲ ಶೌಚಾಲಯಕ್ಕೆ ಹೋಗಲು ಭಯ. ಮೆಟ್ಟಿಲು, ಕತ್ತಲು, ಕೆಲವು ಕಡೆ ಆನೆ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು ಸಂಜೆ ನಾಲ್ಕರ ಮೇಲೆ ಲೋಟ ಮುಟ್ಟುವುದಿಲ್ಲ. ಪೇಟೆಗೆ ಹೊರಟ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ, ಏಕೆಂದರೆ ಸಂತೆಯ ದಿನ ಎಲ್ಲಿ ಹೋಗುವುದು? ಬೇಡಿಕೆಯಲ್ಲಿ ಶೌಚಾಲಯ ಸೇರಿಸಿದ್ದಕ್ಕೆ “ಆರೋಗ್ಯದ ಮಾತಿನಲ್ಲಿ ಇದ್ಯಾಕೆ” ಎಂದು ಕೇಳಿದವರಿಗೆ ಇದೇ ಉತ್ತರ. ಮನೆಯಲ್ಲಿ ಮಾಡಬಹುದಾದ್ದು ಸುಲಭ: ಹೆಚ್ಚಿನ ನೀರನ್ನು ಬೆಳಿಗ್ಗೆಯಿಂದ ಸಂಜೆ ಐದರೊಳಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ರಾತ್ರಿ ಹಾದಿಗೊಂದು ದೀಪ ಹಾಕಿ, ಬೇಕಿದ್ದರೆ ಕೋಣೆಯಲ್ಲೇ ಪಾತ್ರೆ ಇಡಿ. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲದು ಎಂದರ್ಥ. ಹೃದಯ ಸೋತವರಿಗೆ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ವೈದ್ಯರು ನೀರಿಗೆ ಮಿತಿ ಹಾಕಿರುತ್ತಾರೆ. ಸಭೆಯಲ್ಲಿ ಒಬ್ಬರು ಈ ಮಾತು ಎತ್ತಿದರು, ಅದು ಸರಿಯಾದ ಮಾತು. ಅಂಥವರು ವೈದ್ಯರನ್ನು ಕೇಳದೆ ನೀರು ಹೆಚ್ಚಿಸಬಾರದು.

“ಎಳನೀರು, ಮಜ್ಜಿಗೆ ಇದ್ದ ಮೇಲೆ ಪೊಟ್ಟಣದ ಓಆರ್‌ಎಸ್ ಪುಡಿ ಯಾಕೆ?” ಎಂಬುದು ಮುಂದಿನ ಆಕ್ಷೇಪ. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ, ಗಂಜಿತಿಳಿ ಇವು ಒಳ್ಳೆಯವೇ, ದಿನವೂ ಕೊಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ದುರ್ಬಲವಾದವರಿಗೆ, ಬಿಪಿಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅದೇ ತೊಂದರೆಯಾಗಬಹುದು. ತಂಪಿನ ವಸ್ತುವೆಲ್ಲ ಎಲ್ಲರಿಗೂ ತಂಪಲ್ಲ. ಸುಸ್ತಾಗಿ ವಾಂತಿಭೇದಿಯಾದಾಗ ಮಾತ್ರ ಓಆರ್‌ಎಸ್‌ಗೆ ಸಮನಾದದ್ದು ಇಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಾಲನಬೀಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಕಡಿಮೆ ನೀರಿಗೆ ಹಾಕಿದರೆ ಕೆಡುಕು. ಬಣ್ಣದ ಡಬ್ಬಿಯಲ್ಲಿ ಓಆರ್‌ಎಸ್ ಎಂಬ ಹೆಸರು ಹೊತ್ತು ಬರುತ್ತಿದ್ದ ಸಕ್ಕರೆ ಪಾನೀಯಗಳು ಬೇರೆ. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅವು ಆ ಹೆಸರು ಬಳಸಬಾರದೆಂದು ಆದೇಶಿಸಿತು. ಬೆಲ್ಲದ ಕಾಫಿ ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳಿದರೂ ನಮ್ಮ ಹಿರಿಯರು ಕೇಳುವುದಿಲ್ಲ. ಮದುವೆಮನೆಯ ಮಧ್ಯಾಹ್ನ ಶಾಮಿಯಾನದಡಿ ಗಟ್ಟಿ ಕುಪ್ಯ ತೊಟ್ಟು ಕೂತ ಅಜ್ಜನ ಕೈಗೆ ಬ್ರಾಂದಿಯ ಲೋಟ ಕೊಡುವುದನ್ನು ಮಾತ್ರ ಬಿಡಿ. ಬಿಸಿಲು ತಗ್ಗುವವರೆಗೆ ಕೊಡುವುದು ನೀರಾಗಿರಲಿ.

“ಇದು ಅವರವರ ಮಕ್ಕಳ ಜವಾಬ್ದಾರಿ. ಊರು ತಲೆಹಾಕಿದರೆ ಮಕ್ಕಳಿಗೆ ಅವಮಾನ” ಎಂದರು ಇನ್ನೊಬ್ಬರು. ಮಕ್ಕಳು ಎಲ್ಲಿದ್ದಾರೆ? ಬೆಂಗಳೂರಿನಲ್ಲಿ, ಸೈನ್ಯದಲ್ಲಿ, ದುಬೈಯಲ್ಲಿ. 2001ರಿಂದ 2011ರ ಹತ್ತು ವರ್ಷದಲ್ಲಿ ಈ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ನೂರಕ್ಕೆ ಒಂದರಷ್ಟು. ಮಕ್ಕಳಿಗೆ ಪ್ರೀತಿ ಇಲ್ಲವೆಂದಲ್ಲ, ದಿನಾ ಫೋನು ಮಾಡುತ್ತಾರೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ತಟ್ಟುವುದು ಫೋನಿಗೆ ಆಗದ ಕೆಲಸ. 1995ರ ಜುಲೈಯಲ್ಲಿ ಷಿಕಾಗೋ ನಗರದಲ್ಲಿ ಏಳುನೂರಕ್ಕೂ ಹೆಚ್ಚು ಜನ ಬಿಸಿಗೆ ಸತ್ತಾಗ, ಒಂಟಿ ಮುದುಕರ ಮನೆಗಳಿಗೆ ಯಾರೂ ಹೋಗದಿದ್ದದ್ದು ದೊಡ್ಡ ಕಾರಣವಾಗಿತ್ತು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗೆ ವಾಡಿಕೆಗಿಂತ 1,344 ಸಾವು ಹೆಚ್ಚಾದವು. ಮಹಾನಗರ ಪಾಲಿಕೆ ಅದನ್ನು ಮನೆಯವರ ಪಾಡು ಎನ್ನಲಿಲ್ಲ, 2013ರಲ್ಲಿ ಶಾಖ ಎದುರಿಸುವ ಯೋಜನೆ ಮಾಡಿತು.

ಊರೊಟ್ಟಿಗೆ ಮಾಡುವುದು ನಮಗೆ ಬಾರದ ಕೆಲಸವೇ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಸೇರಿಸಿದವರು ನಾವು, ಅದೂ ಇದೇ ಬೇಸಿಗೆಯಲ್ಲಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ, ಯಾರ ಮನೆಯ ಅಜ್ಜಿ, ಯಾವ ಜಾತಿ ಎಂದು ಕೇಳದೆ ಹೊತ್ತು ತಂದವರೂ ನಾವೇ. ಆಗ ಯಾರ ಮಕ್ಕಳಿಗೂ ಅವಮಾನವಾಗಲಿಲ್ಲ. ಮಳೆ ಸದ್ದು ಮಾಡಿ ಬರುತ್ತದೆ, ಆದ್ದರಿಂದ ಓಡುತ್ತೇವೆ. ಬಿಸಿಲಿಗೆ ಸದ್ದಿಲ್ಲ.

“ಆಶಾ ಕಾರ್ಯಕರ್ತೆಯರ ತಲೆಗೆ ಇನ್ನೊಂದು ಹೊರೆ” ಎಂಬುದು ಅತ್ಯಂತ ನ್ಯಾಯವಾದ ಆಕ್ಷೇಪ. ಒಪ್ಪುತ್ತೇನೆ, ಅವರ ಮೇಲೆ ಹಾಕುವುದು ಬೇಡ. ಸ್ತ್ರೀಶಕ್ತಿ ಸಂಘದವರು, ಹಾಲು ಹಾಕುವವರು, ರಜೆಯಲ್ಲಿರುವ ಕಾಲೇಜು ಮಕ್ಕಳು ಒಬ್ಬೊಬ್ಬರು ಎರಡು ಮನೆ ಹಂಚಿಕೊಂಡರೆ ಸಾಕು. ಖರ್ಚೂ ಇಲ್ಲ. ನಮ್ಮ ಹವೆ ಮೈಶಾಖ ದಾಟುವುದು ಅಪರೂಪವಾದ್ದರಿಂದ ಎಸಿ ಬೇಡ. ಒಂದು ಫ್ಯಾನು, ಕತ್ತಿಗೆ ಒದ್ದೆ ಬಟ್ಟೆ, ಪಶ್ಚಿಮದ ಕಿಟಕಿಗೆ ಗೋಣಿತಾಟು ಸಾಕು. ಹೋದವರು ತಿಳಿದಿರಬೇಕಾದ್ದು ಒಂದೇ: ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲಪಟ್ಟರೆ, 108ಕ್ಕೆ ಕರೆಮಾಡಿ, ವಾಹನ ಬರುವವರೆಗೆ ನೆರಳಿಗೆ ತಂದು ಮೈಯೆಲ್ಲ ನೀರು ಸವರಿ ಗಾಳಿ ಹಾಕುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯುವುದಿಲ್ಲ.

“ಹೂಮಳೆ ಬಿದ್ದರೆ ಎಲ್ಲ ಸರಿಯಾಗುತ್ತದೆ” ಎಂದವರಿಗೆ: ಹೂಮಳೆ ಕಾಫಿಗೆ ಒಳ್ಳೆಯದು. ಮರುದಿನದ ಬಿಸಿಲಿಗೆ ನೆಲದಿಂದ ಹಬೆ ಏಳುತ್ತದೆ, ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

ಕೊನೆಗೆ ಹಿರಿಯರೇ ಹೇಳಿದ ಮಾತು: “ನಮಗೆ ಯಾರ ಕಾವಲೂ ಬೇಡ. ಲೋಟ ಹಿಡಿದು ಯಾರೂ ಬರಬೇಡಿ.” ಅವರ ಮಾನ ದೊಡ್ಡದು, ಅದನ್ನು ಮುರಿಯುವ ಹಕ್ಕು ನನಗಿಲ್ಲ. ಹಾಗಾಗಿ ಕಳೆದ ತಿಂಗಳಿಂದ ನಾನು ಕೈಬೀಸಿಕೊಂಡು ಹೋಗುತ್ತಿದ್ದೇನೆ. ಗೇಟಿನಲ್ಲೇ ನಿಂತು “ಅಜ್ಜಿ, ನಡೆದು ಬಂದು ಬಾಯಿ ಒಣಗಿತು, ಮಜ್ಜಿಗೆ ಇದೆಯಾ?” ಎನ್ನುತ್ತೇನೆ. ಬಂದವರಿಗೆ ಬರಿಗೈ ತೋರಿಸುವ ಮನೆ ಕೊಡಗಿನಲ್ಲಿಲ್ಲ. ಎರಡು ಲೋಟ ಬರುತ್ತದೆ, ಒಂದು ನನಗೆ, ಒಂದು ಅವರಿಗೆ. ಅವರ ಲೋಟ ಖಾಲಿಯಾಗುವವರೆಗೆ ನಾನು ಏಳುವುದಿಲ್ಲ.